ಕಣ್ಣು ಹೊಡೆಯುವ ಮೀಟರು

ಕಂಪ್ರೆಸರ್ ಮನೆಯೊಳಗೆ ಬಂದ ದಿನ ಮಂಚ ಹೊರಗೆ ಹೋಯಿತು. ಎರಡೂ ಒಟ್ಟಿಗೆ ಇರುವಷ್ಟು ಜಾಗ ಆ ಕೋಣೆಯಲ್ಲಿರಲಿಲ್ಲ. ಹತ್ತಡಿ ಉದ್ದ, ಎಂಟಡಿ ಅಗಲ. ಅದರಲ್ಲೇ ಒಲೆ, ಅದರಲ್ಲೇ ಬಟ್ಟೆಯ ಹಗ್ಗ, ಅದರಲ್ಲೇ ಗಂಡ, ಹೆಂಡತಿ, ಹೆಂಡತಿಯ ತಾಯಿ. ಈಗ ನಾಲ್ಕನೆಯದಾಗಿ ಇದು: ಎಮ್ಮೆ ಗಾತ್ರದ ಕಬ್ಬಿಣದ ಟ್ಯಾಂಕು, ಬೆನ್ನ ಮೇಲೊಂದು ಮೋಟರು, ಹೊಟ್ಟೆಯ ಕೆಳಗೆ ಎರಡು ಚಕ್ರ, ಕುತ್ತಿಗೆಗೆ ಒಂದು ಕೆಂಪು ರಿಬ್ಬನ್ನು.

ಅತ್ತೆ ಅದನ್ನು ಒಂದು ಸುತ್ತು ಹಾಕಿ ನೋಡಲು ಹೊರಟರು. ಅರ್ಧ ಸುತ್ತಿಗೇ ಗೋಡೆ ಅಡ್ಡ ಬಂತು.

"ಅಳಿಯಂದ್ರೇ, ಇಪ್ಪತ್ತೆರಡು ವರ್ಷ ದುಡಿದಿದ್ದಕ್ಕೆ ಇದನ್ನ ಕೊಟ್ರಾ?"

"ಹೂಂ ಅತ್ತೆ."

"ಇದು ಏನು ಕೊಡುತ್ತೆ?"

"ಗಾಳಿ."

"ಹಾಗಾದ್ರೆ ಗಾಳಿ ಕೊಟ್ಟು ಕಳಿಸಿದ್ರು ಅನ್ನಿ."

ಅಳಿಯನನ್ನು ವಠಾರವೆಲ್ಲ ಗನ್ನಣ್ಣ ಎನ್ನುತ್ತಿತ್ತು. ಬಣ್ಣ ಹೊಡೆಯುವ ಗನ್ನು ಹಿಡಿದು ಹಿಡಿದು ಅವನ ಬಲಗೈಯ ತೋರುಬೆರಳು ಕೊಕ್ಕೆಯಾಗಿಯೇ ಉಳಿದಿತ್ತು. ಊಟಕ್ಕೆ ಕೂತರೂ ತಟ್ಟೆಗೆ ಬಣ್ಣ ಹೊಡೆಯುವವನ ಹಾಗೆ ಕಾಣುತ್ತಿದ್ದ. ಅಲಮಾರು, ಫ್ರಿಜ್ಜಿನ ಬಾಗಿಲು, ಸ್ಕೂಟರಿನ ಟ್ಯಾಂಕು, ಅವನ ಗನ್ನಿನೆದುರು ಬಂದದ್ದೆಲ್ಲ ಕನ್ನಡಿಯಾಗಿ ಹೊರಗೆ ಹೋಗುತ್ತಿತ್ತು. ಅವನ ಎದೆಯೊಳಗೂ ಎರಡು ಮೂರು ಕೋಟು ಬಿದ್ದಿತ್ತು. ಬೆಳಗಾದರೆ ಕೆಮ್ಮು.

ಅವನ ಯಜಮಾನ ವರ್ಕ್‌ಶಾಪಿಗೆ ಸದ್ದಿಲ್ಲದ ಹೊಸ ಮಿಷಿನ್ನು ತಂದ. ಜೊತೆಗೆ ಕೆಮ್ಮದ ಹೊಸ ಆಳುಗಳನ್ನೂ ತಂದ. ಹಳೆಯ ಮಿಷಿನ್ನು, ಹಳೆಯ ಗನ್ನಣ್ಣ, ಇಬ್ಬರಿಗೂ ಒಂದೇ ದಿನ ಬೀಳ್ಕೊಡುಗೆ. ಎಲ್ಲರೆದುರು ಟ್ಯಾಂಕಿಗೆ ರಿಬ್ಬನ್ನು ಕಟ್ಟಿಸಿ, "ನಮ್ಮ ಗನ್ನಣ್ಣನ ಸೇವೆಗೆ ಮೆಚ್ಚಿ ಈ ಕಾಣಿಕೆ. ಇನ್ಮೇಲೆ ಅವನೂ ಒಬ್ಬ ಯಜಮಾನ!" ಎಂದು ಭಾಷಣ ಬಿಗಿದ. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಒಂದು ಕಾಗದ ಮುಂದೆ ಬಂತು. 'ನನಗೆ ಬರಬೇಕಾದದ್ದೆಲ್ಲ ಬಂದಿದೆ' ಎಂದು ಅದರಲ್ಲಿ ಬರೆದಿತ್ತು. ಗನ್ನಣ್ಣ ಖುಷಿಯಲ್ಲಿ ಸಹಿ ಹಾಕಿಬಿಟ್ಟ. ಯಜಮಾನರು ಸಹಿ ಹಾಕಿಸಿಕೊಳ್ಳುವುದೇ ಬಡವ ಖುಷಿಯಲ್ಲಿದ್ದಾಗ. ದುಃಖದಲ್ಲಿದ್ದರೆ ಎಲ್ಲಿ ಓದಿಬಿಡುತ್ತಾನೋ ಎಂಬ ಭಯ.

ಇನ್ನೊಂದು ಮಾತು. ಆ ವಠಾರವೂ ಯಜಮಾನನದೇ. ಕೆಳಗೆ ಸಾಲಾಗಿ ಎಂಟು ಕೋಣೆ, ಮೇಲೆ ಅವನ ಮನೆ. ಹಗಲೆಲ್ಲ ಅವನ ಶೆಡ್ಡಿನಲ್ಲಿ ಬೆವರು ಸುರಿಸಿ, ಸಂಜೆ ಅವನದೇ ಸೂರಿನಡಿ ಬಂದು ಅವನಿಗೇ ಬಾಡಿಗೆ ಕೊಡಬೇಕು. ಎಂಟು ಕೋಣೆಗೂ ಸೇರಿ ಗೇಟಿನ ಪಕ್ಕದ ಗೋಡೆಯಲ್ಲಿ ಒಂದೇ ಮೀಟರು. ಬಂದ ಬಿಲ್ಲನ್ನು ಯಜಮಾನ ಎಂಟು ಪಾಲು ಮಾಡುತ್ತಿದ್ದ. ಮಹಡಿಗೆ ಬೇರೆ ಮೀಟರಿದೆ, ನಾನು ನಿಮ್ಮ ತಂಟೆಗೆ ಬರುವವನಲ್ಲ ಎನ್ನುತ್ತಿದ್ದ.

ಪಕ್ಕದ ಬೀದಿಯ ಬಡಗಿ ಸುದ್ದಿ ಕೇಳಿ ಓಡಿ ಬಂದ. "ಇಪ್ಪತ್ತು ಬಾಗಿಲಿದೆ ಗನ್ನಣ್ಣ. ಈ ತಿಂಗಳೊಳಗೆ ಬಣ್ಣ ಹೊಡೆದು ಕೊಟ್ರೆ ಇನ್ಮೇಲೆ ನನ್ನ ಬಾಗಿಲೆಲ್ಲ ನಿನ್ನದೇ. ಆಗಲ್ಲ ಅಂದ್ರೆ ಈಗಲೇ ಹೇಳು, ನಿಮ್ಮ ಯಜಮಾನನಿಗೇ ಕೊಡ್ತೀನಿ."

"ಆಗುತ್ತೆ" ಎಂದ ಗನ್ನಣ್ಣ. ಆಮೇಲೆ ವೈರು ಹಿಡಿದುಕೊಂಡು ಅದನ್ನು ಸಿಕ್ಕಿಸುವ ಜಾಗ ಹುಡುಕಿದ. ಕೋಣೆಯಲ್ಲಿ ಇದ್ದದ್ದು ಒಂದು ಬಲ್ಬು, ಒಂದು ಪ್ಲಗ್ಗು. ಆ ಪ್ಲಗ್ಗಿನ ಮುಂದೆ ಆ ವೈರು ಹೆಬ್ಬಾವು.

ಬೀದಿಯ ಮೂಲೆಯಲ್ಲಿ ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತಿ ಕೊಡುವ ವೈಂಡಿಂಗ್ ತಾತನನ್ನು ಕರೆತಂದ. ತಾತ ಕನ್ನಡಕವನ್ನು ಹಣೆಗೇರಿಸಿ ಮೋಟರಿನ ತಗಡು ಓದಿದ.

"ಐದು ಹಾರ್ಸ್‌ಪವರ್ರು. ಇದಕ್ಕೆ ತ್ರೀ ಫೇಸ್ ಬೇಕು ಕಣೋ. ಮೂರು ತಂತೀಲಿ ಕರೆಂಟು ಬರ್ಬೇಕು. ನಿಮ್ಮ ವಠಾರಕ್ಕೆ ಬರ್ತಿರೋದು ಒಂದೇ ತಂತೀಲಿ. ಅದೂ ಇಸ್ತ್ರಿ ಪೆಟ್ಟಿಗೆ ಕಂಡ್ರೆ ನಡುಗುತ್ತೆ."

"ಈಗೇನು ಮಾಡ್ಲಿ ತಾತ?"

"ಆಫೀಸಿಗೆ ಹೋಗಿ ಅರ್ಜಿ ಕೊಡು. ಕೊಟ್ಟು ಬಂದು ನನ್ನ ಹತ್ರ ಬಾ. ಅಲ್ಲಿ ಆಗಲ್ಲ."

ಕರೆಂಟ್ ಆಫೀಸಿನ ಅರ್ಜಿಯಲ್ಲಿ 'ಉಪಕರಣದ ಹೆಸರು' ಎಂಬ ಕಾಲಮ್ಮಿತ್ತು. ಗನ್ನಣ್ಣ ಅಲ್ಲಿ ಗಾಳಿ ಮಿಷಿನ್ ಎಂದು ಬರೆದ. ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ ಅದರ ಹೆಸರು ಅದೇ. ಗುಮಾಸ್ತ ಓದಿ, ಇದೆಂಥ ಭಾಷೆ ಎಂದು ಮುಖ ಕಿವುಚಿ, ಅದನ್ನು ಹೊಡೆದುಹಾಕಿ ತಾನೇ ಫ್ಯಾನ್ ಎಂದು ತಿದ್ದಿದ. ಒಂದು ವಾರ ಬಿಟ್ಟು ಸಾಹೇಬರು ಕರೆಸಿದರು.

"ಏನಯ್ಯಾ, ಐದು ಹಾರ್ಸ್‌ಪವರ್ ಫ್ಯಾನಾ? ಗಾಳಿ ತಗೋತೀಯೋ, ಮನೇನೇ ಹಾರಿಸಿಬಿಡ್ತೀಯೋ?"

"ಫ್ಯಾನ್ ಅಲ್ಲ ಸಾರ್. ಗಾಳಿ ತುಂಬೋ ಮಿಷಿನ್ನು. ಗನ್ನಿಗೆ ಬೇಕು."

ಸಾಹೇಬರ ಕುರ್ಚಿ ಒಂದು ಗೇಣು ಹಿಂದೆ ಸರಿಯಿತು. "ಯಾವುದಕ್ಕೆ?"

"ಬಣ್ಣದ ಗನ್ನು ಸಾರ್. ಪೇಂಟು."

ಕುರ್ಚಿ ಮುಂದೆ ಬಂತು. ಜೊತೆಗೆ ಧೈರ್ಯವೂ ಬಂತು. "ಮನೆ ಕರೆಂಟು ಮನೆ ಕೆಲಸಕ್ಕೆ ಮಾತ್ರ. ಗೊತ್ತಾಯ್ತಾ?"

"ನನ್ನ ಕೆಲಸ ಮನೇಲೇ ಸಾರ್."

"ಮನೇಲಿ ಮಾಡೋ ಕೆಲಸ ಬೇರೆ, ಮನೆ ಕೆಲಸ ಬೇರೆ. ಗುಡಿಸೋದು, ಒಗೆಯೋದು, ಬೇಯಿಸೋದು, ಅದು ಮನೆ ಕೆಲಸ."

"ಅದನ್ನ ನನ್ನ ಹೆಂಡ್ತಿ ಮಾಡ್ತಾಳಲ್ಲ ಸಾರ್."

"ಹಾಂ! ಅದರಿಂದ ದುಡ್ಡು ಹುಟ್ಟಲ್ಲ ನೋಡು, ಅದಕ್ಕೆ ಅದು ಮನೆ ಕೆಲಸ. ದುಡ್ಡು ಹುಟ್ಟೋ ಕೆಲಸಕ್ಕೆ ಬೇರೆ ಲೈನು, ಬೇರೆ ರೇಟು. ಮೊದಲು ಮನೆ ಮಾಲೀಕರ ಒಪ್ಪಿಗೆ ಪತ್ರ ತಗೊಂಡು ಬಾ."

ಮನೆಗೆ ಬಂದು ಇದನ್ನು ಹೇಳಿದಾಗ ಹೆಂಡತಿ ಟ್ಯಾಂಕಿನ ಮೇಲೆ ಪಾತ್ರೆ ಕವಚಿ ಹಾಕುತ್ತಿದ್ದಳು. ಪಾತ್ರೆಗೂ ಬೇರೆ ಜಾಗವಿರಲಿಲ್ಲ.

"ಅಂದ್ರೆ ಹದಿನೆಂಟು ವರ್ಷದಿಂದ ನಾನು ಮಾಡ್ತಿರೋದಕ್ಕೆ ರೇಟೇ ಇಲ್ಲ ಅಂದ್ರಾ ಅವರು?"

"ಅವರು ಅಂದಿದ್ದು ಕಣೇ. ನಾನಲ್ಲ."

"ನೀವೂ ಬಾಯಿ ಮುಚ್ಕೊಂಡು ಬಂದ್ರಲ್ಲ, ಅದೇ ಸಾಕು" ಎಂದು ಕೊನೆಯ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕವಚಿದಳು. ಟ್ಯಾಂಕು ಗಂಟೆಯ ಹಾಗೆ ಟಾಂಗ್ ಎಂದಿತು. ಆ ಸದ್ದು ಎಂಟು ಕೋಣೆಗೂ ಕೇಳಿಸಿತು.

ಒಪ್ಪಿಗೆ ಪತ್ರಕ್ಕೆ ಗನ್ನಣ್ಣ ಮಹಡಿ ಹತ್ತಿದ. ಯಜಮಾನ ಏಸಿಯ ಕೆಳಗೆ ಶಾಲು ಹೊದ್ದು ಕೂತಿದ್ದ. ಮಧ್ಯಾಹ್ನದ ಬಿಸಿಲಲ್ಲಿ ಶಾಲು ಹೊದೆಯುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

"ಅದನ್ನ ಓಡಿಸೋಕೆ ಹೊರಟಿದ್ದೀಯಾ?" ಯಜಮಾನನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದು ಕಾಣಿಕೆ ಕಣೋ. ಕಾಣಿಕೇನ ಯಾರಾದ್ರೂ ಓಡಿಸ್ತಾರಾ? ನೋಡಿದಾಗೆಲ್ಲ ನನ್ನ ನೆನಪು ಬರ್ಲಿ ಅಂತ ಕೊಟ್ಟಿದ್ದು."

"ಬರ್ತಾನೇ ಇದೆ ಯಜಮಾನ್ರೇ. ಕಾಲು ಚಾಚಿದಾಗೆಲ್ಲ ಬರ್ತಿದೆ."

"ಮೊದಲೇ ನಿಮ್ಮ ಕೆಳಗಿನವರ ಲೋಡು ಜಾಸ್ತಿ. ಇದೊಂದು ಸೇರಿದ್ರೆ ವೈರೇ ಸುಟ್ಟುಹೋಗುತ್ತೆ." ಆಮೇಲೆ ದನಿ ಇಳಿಸಿದ. "ಒಂದು ಕೆಲಸ ಮಾಡು. ವಾಪಸ್ ಬಾ. ಸಂಬಳ ಮೊದಲಿನದರಲ್ಲಿ ಅರ್ಧ. ಮಿಷಿನ್ನು ನಿನ್ನದೇ, ನನ್ನ ಶೆಡ್ಡಲ್ಲಿ ಇಡು. ಅಲ್ಲಿ ಓಡುತ್ತೆ. ಆ ಇಪ್ಪತ್ತು ಬಾಗಿಲೂ ಅಲ್ಲೇ ಹೊಡೆಯೋಣ."

ಬಡಗಿಯ ಬಾಗಿಲ ವಿಷಯ ಗನ್ನಣ್ಣ ಹೇಳಿರಲಿಲ್ಲ. ಮೆಟ್ಟಿಲಿಳಿಯುವಾಗ ಅವನಿಗೆ ಎಲ್ಲ ತಿಳಿಯಿತು. ಆ ರಿಬ್ಬನ್ನು ಕಟ್ಟಿದ್ದು ಟ್ಯಾಂಕಿಗಲ್ಲ, ತನ್ನ ಕುತ್ತಿಗೆಗೆ. ಇನ್ನೊಂದು ತುದಿ ಮಹಡಿಯ ಮೇಲಿತ್ತು.

ಸೀದಾ ವೈಂಡಿಂಗ್ ತಾತನ ಅಂಗಡಿಗೆ ಹೋದ.

"ಆಗಲಿಲ್ಲ ತಾನೇ?" ಎಂದ ತಾತ. "ನಾನು ಆವತ್ತೇ ಎತ್ತಿಟ್ಟಿದ್ದೀನಿ ನೋಡು. ಮೂರು ಹಾರ್ಸ್‌ಪವರ್ ಮೋಟರು, ಒಂದೇ ತಂತೀಲಿ ಓಡುತ್ತೆ. ಮೆಲ್ಲಗೆ ಓಡುತ್ತೆ, ನಿನ್ನ ಹಾಗೆ ಕೆಮ್ಮುತ್ತಾ ಓಡುತ್ತೆ, ಆದ್ರೆ ಓಡುತ್ತೆ. ನಿನ್ನ ಐದರದ್ದು ನನಗೆ ಬಿಡು. ಒಂದೇ ಒಂದು ಕಷ್ಟ."

"ಏನು?"

"ಎದ್ದು ನಿಲ್ಲೋವಾಗ ಒಂದು ಸಲಕ್ಕೆ ಎಂಟು ಮನೆ ಕರೆಂಟು ಕುಡಿಯುತ್ತೆ. ಎದ್ದ ಮೇಲೆ ಸಾಧು."

ತಾತ ಮೋಟರು ಬದಲಿಸಿದ ಮೇಲೆ ಟ್ಯಾಂಕನ್ನು ಅಂಗಳಕ್ಕೆ ಉರುಳಿಸಿ, ವೈರನ್ನು ವಠಾರದ ಲೈನಿಗೇ ಸೇರಿಸಿ, ಮರುದಿನ ಬೆಳಗ್ಗೆ ಹತ್ತಕ್ಕೆ ಸ್ವಿಚ್ಚು ಹಾಕಿದರು. ಮೋಟರು ಹೂಂ ಎಂದು ನರಳಿತು. ವಠಾರದ ಬಲ್ಬುಗಳೆಲ್ಲ ಕಾಮಾಲೆ ಬಂದಂತೆ ಹಳದಿಯಾದವು. ಫ್ರಿಜ್ಜೊಂದು ಬಿಕ್ಕಿತು. ಫಟ್ ಎಂದು ಮೀಟರಿನ ಕೆಳಗಿನ ಫ್ಯೂಸು ಹಾರಿತು.

ರಾತ್ರಿಪಾಳಿ ಮುಗಿಸಿ ಆಗಷ್ಟೇ ಮಲಗಿದ್ದ ಡ್ರೈವರ್ ಭಾವ ಟವೆಲ್ಲಿನಲ್ಲೇ ಹೊರಗೆ ಬಂದ. "ಯಾವನೋ ಅವನು ನನ್ನ ಫ್ಯಾನಿಗೆ ಕೈ ಹಾಕಿದ್ದು?"

ಪಕ್ಕದ ಕೋಣೆಯ ಇಸ್ತ್ರಿ ಅಕ್ಕ ಅರ್ಧ ಇಸ್ತ್ರಿಯಾದ ಅಂಗಿ ಹಿಡಿದೇ ಬಂದಳು. "ಫ್ಯಾನಂತೆ! ಯಾವಾಗ್ಲೂ ಫ್ಯೂಸು ಹೋಗೋದೇ ನಿನ್ನ ಫ್ಯಾನಿಂದ ಭಾವ. ಹಗಲೆಲ್ಲ ಹಾಕ್ಕೊಂಡು ಬಿದ್ದಿರ್ತೀಯ, ಅದಕ್ಕೇ ಲೋಡು ಜಾಸ್ತಿ ಅಂತ ಯಜಮಾನ್ರೇ ಹೇಳಿದ್ದಾರೆ."

"ನನ್ನ ಫ್ಯಾನಾ? ನನಗೆ ನಿನ್ನ ಇಸ್ತ್ರಿ ಪೆಟ್ಟಿಗೆ ಅಂತ ಹೇಳಿದ್ರಲ್ಲಕ್ಕ!"

"ನಮಗೆ ನಮ್ಮ ಫ್ರಿಜ್ಜೇ ಅಂದ್ರು" ಎಂದಿತು ಮೂರನೆಯ ಬಾಗಿಲು.

"ನಮಗೆ ನಮ್ಮ ಮಿಕ್ಸಿ" ಎಂದಿತು ಆರನೆಯದು.

ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಬಾಯಿ ತೆರೆದರು. "ನಮ್ಮನೇಲಿ ಇರೋದು ಬಲ್ಬೊಂದೇ. ನಮಗೆ ಅದನ್ನೇ ಹೇಳಿದ್ರಪ್ಪ."

ಇಷ್ಟು ವರ್ಷ ಎಂಟು ಕೋಣೆಯವರೂ ತಾವೇ ಕಳ್ಳರೆಂದು ಒಳಗೊಳಗೇ ಹೆದರಿಕೊಂಡು, ಹೊರಗೆ ಪಕ್ಕದವರನ್ನು ಬೈದುಕೊಂಡು ಬದುಕಿದ್ದರು. ಜಗಳವಾಡಲು ಬಂದವರು ಜಗಳ ಯಾರ ಮೇಲೆಂದು ತಿಳಿಯದೆ ನಿಂತರು. ಡ್ರೈವರ್ ಭಾವ ಟವೆಲ್ಲನ್ನು ಬಿಗಿ ಮಾಡಿಕೊಂಡ.

"ತಾತ, ಇದು ಏಳೋಕೆ ಎಷ್ಟು ಹೊತ್ತು ಬೇಕು?"

"ಹತ್ತು ಎಣಿಸೋಷ್ಟು."

"ಹತ್ತು ಎಣಿಸೋಷ್ಟು ಹೊತ್ತು ನಾವೆಲ್ಲ ಆರಿಸಿಕೊಂಡ್ರೆ?"

ಹೀಗೆ ಆ ಪದ್ಧತಿ ಹುಟ್ಟಿತು. ಗನ್ನಣ್ಣ ಸ್ಪ್ಯಾನರಿನಿಂದ ಟ್ಯಾಂಕಿಗೆ ಟಾಂಗ್ ಟಾಂಗ್ ಟಾಂಗ್ ಎಂದು ಮೂರು ಸಲ ಬಡಿದರೆ ಎಂಟೂ ಮನೆಯಲ್ಲಿ ಎಲ್ಲ ಬಂದ್. ಮೋಟರು ಎದ್ದ ಮೇಲೆ ಟಾಂಗ್ ಎಂದು ಒಂದೇ ಸಲ ಬಡಿದರೆ ಎಲ್ಲ ಚಾಲೂ. ಟ್ಯಾಂಕು ತುಂಬಿದಾಗ ಮೋಟರು ತಾನೇ ನಿಲ್ಲುತ್ತಿತ್ತು. ಗಾಳಿ ಖಾಲಿಯಾದಾಗ ಮತ್ತೆ ಎಬ್ಬಿಸಬೇಕು. ಹಾಗಾಗಿ ಕಾಲು ಗಂಟೆಗೊಮ್ಮೆ ಟಾಂಗ್ ಟಾಂಗ್ ಟಾಂಗ್. ಇಸ್ತ್ರಿ ಅಕ್ಕ ಆ ಹತ್ತು ಎಣಿಕೆಯಲ್ಲಿ ಅಂಗಿ ಮಡಚುವುದನ್ನು ಕಲಿತಳು. ಡ್ರೈವರ್ ಭಾವ ನಿದ್ದೆ ಕೆಡದಂತೆ ಸ್ವಿಚ್ಚಿಗೆ ದಾರ ಕಟ್ಟಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡ. ಟಾಂಗ್ ಎಂದರೆ ಗೊರಕೆ ನಿಲ್ಲುತ್ತಿರಲಿಲ್ಲ, ಫ್ಯಾನು ಮಾತ್ರ ನಿಲ್ಲುತ್ತಿತ್ತು.

ಅಂಗಳದಲ್ಲಿ ಹಳೆಯ ಚಾದರ ಕಟ್ಟಿ ಗನ್ನಣ್ಣ ಬಾಗಿಲುಗಳಿಗೆ ಬಣ್ಣ ಹೊಡೆದ. ನಾಲ್ಕು ದಿನಕ್ಕೆ ಹದಿನಾರು ಬಾಗಿಲು ಮುಗಿದವು. ತಿಂಗಳು ಮುಗಿಯಲು ಇನ್ನೆರಡು ದಿನ, ಉಳಿದದ್ದು ನಾಲ್ಕು.

ಆವತ್ತು ಮಧ್ಯಾಹ್ನ ಮೂರು ಬಡಿತ ಬಿದ್ದಾಗ ಕಟ್ಟೆಯ ಮೇಲಿದ್ದ ಅತ್ತೆ ಕೂಗಿದರು.

"ಅಳಿಯಂದ್ರೇ, ಈ ಮೀಟರು ಕಣ್ಣು ಹೊಡೀತಾ ಇದೆ."

ಎಲ್ಲರೂ ನಕ್ಕರು. "ನಿಮಗಾ ಅತ್ತೆ?" ಎಂದ ಗನ್ನಣ್ಣ.

"ನನಗೆ ಹೊಡೆಯೋ ಕಾಲ ಹೋಯ್ತು. ಯಾರಿಗೆ ಹೊಡೀತಿದೆ ಅಂತ ನೀವೇ ಬಂದು ನೋಡಿ. ಅದರ ಕೆಂಪು ಕಣ್ಣು ನೀವೆಲ್ಲ ಆರಿಸಿದಾಗ್ಲೂ ಮಿಟುಕ್ತಾನೇ ಇರುತ್ತೆ. ಮೂರು ದಿನದಿಂದ ನೋಡ್ತಿದ್ದೀನಿ, ಇವತ್ತು ಬಾಯಿ ಬಿಟ್ಟೆ."

ಮೋಟರು ಹೇಗಿದೆ ಎಂದು ನೋಡಲು ಬಂದಿದ್ದ ವೈಂಡಿಂಗ್ ತಾತ ನಗಲಿಲ್ಲ. ಕನ್ನಡಕ ಇಳಿಸಿಕೊಂಡು ಮೀಟರಿಗೆ ಮೂಗು ತಾಗಿಸಿದ. ಕರೆಂಟು ಖರ್ಚಾದಾಗ ಮಾತ್ರ ಮಿನುಗುವ ಸಣ್ಣ ದೀಪ ಅದು. ಎಂಟು ಮನೆಯೂ ಬಂದ್. ಮೋಟರನ್ನು ಎಬ್ಬಿಸಬೇಡ ಎಂದು ಕೈಯೆತ್ತಿ ತಡೆದ. ಆದರೂ ಕೆಂಪು ಕಣ್ಣು ಪಟ ಪಟ ಪಟ ಎನ್ನುತ್ತಿತ್ತು.

"ಗನ್ನಣ್ಣ, ಇಲ್ಲಿ ಎರಡು ಫ್ಯೂಸಿದೆ. ಒಂದು ವಠಾರದ್ದು. ಇನ್ನೊಂದು?"

"ಅದರ ಮೇಲೆ ಪಂಪು ಅಂತ ಬರೆದಿದೆಯಲ್ಲ. ನೀರಿನ ಪಂಪಿಂದು. ಮುಟ್ಟಿದ್ರೆ ಶಾಕ್ ಹೊಡೆಯುತ್ತೆ ಅಂತ ಯಜಮಾನ್ರು ಹೇಳಿದ್ದಾರೆ."

"ಪಂಪು ಕೆಟ್ಟು ಮೂರು ವರ್ಷ ಆಯ್ತು" ಎಂದಳು ಹೆಂಡತಿ. ಅವಳ ಸೊಂಟಕ್ಕೆ ಅದರ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷದಿಂದ ಬೀದಿ ನಲ್ಲಿಯಿಂದ ಕೊಡ ಹೊತ್ತದ್ದು ಅವಳೇ.

ಎಲ್ಲರ ಕಣ್ಣು ಫ್ಯೂಸಿನಿಂದ ಹೊರಟು ಗೋಡೆ ಹತ್ತಿತು. ಚರಂಡಿ ಪೈಪಿಗೆ ಒರಗಿಕೊಂಡು ವೈರು ಹಾಯುವ ಇನ್ನೊಂದು ತೆಳು ಪೈಪು ಮೇಲೆ ಹೋಗಿತ್ತು. ಎರಡಕ್ಕೂ ಗೋಡೆಯದೇ ಬಣ್ಣ. ಗೋಡೆ ಎಲ್ಲಿ ಮುಗಿಯಿತು, ಪೈಪು ಎಲ್ಲಿ ಶುರುವಾಯಿತು ಎಂದು ಗೊತ್ತಾಗದಷ್ಟು ನುಣುಪು. ಅಂಥ ಕೈಚಳಕ ಊರಲ್ಲಿ ಒಬ್ಬನಿಗೇ ಇತ್ತು.

ಗನ್ನಣ್ಣ ಕೊಕ್ಕೆ ಬೆರಳಿನಿಂದ ಆ ಪೈಪನ್ನು ಸವರಿದ. ಐದು ವರ್ಷದ ಹಿಂದೆ ಒಂದು ರಜಾದಿನ ಯಜಮಾನ ಕರೆದು, ಗೋಡೆಗೂ ಪೈಪಿಗೂ ಒಂದೇ ಬಣ್ಣ ಹೊಡಿ, ಪೈಪು ಕಾಣಲೇಬಾರದು ಎಂದಿದ್ದ. ಹೊಡೆದಿದ್ದ. ಕೂಲಿ ಕೊಟ್ಟಿರಲಿಲ್ಲ. ಬೆನ್ನು ತಟ್ಟಿದ್ದ.

"ಥೂ, ನನ್ನ ಕೈಯಿಂದಲೇ ಮುಚ್ಚಿಸಿದ್ನಲ್ಲೋ!"

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ" ಎಂದರು ಅತ್ತೆ. "ಕೆಲಸ ಚೆನ್ನಾಗಿ ಮಾಡಿದ್ದೀರಿ. ಐದು ವರ್ಷ ಯಾರಿಗೂ ಕಾಣಲಿಲ್ಲ."

ಹತ್ತು ಎಣಿಸಿ ಸಾಕಾದ ಮನೆಗಳಲ್ಲಿ ಬಲ್ಬು, ಫ್ಯಾನು, ಮಿಕ್ಸಿ ಆಗಲೇ ಮತ್ತೆ ಚಾಲೂ ಆಗಿದ್ದವು. ತಾತ ಫ್ಯೂಸಿಗೆ ಕೈ ಹಾಕುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಯಜಮಾನ ಬಂದಿದ್ದ. ಪಕ್ಕದಲ್ಲಿ ಕರೆಂಟ್ ಆಫೀಸಿನ ಸಾಹೇಬರು, ಕೈಯಲ್ಲಿ ದಂಡದ ಪುಸ್ತಕ.

"ನೋಡಿ ಸಾರ್, ಇಲ್ಲೇ. ನನ್ನ ಒಪ್ಪಿಗೆ ಇಲ್ಲದೆ ಓಡಿಸ್ತಿದ್ದಾನೆ. ಲೋಡು ತಡೆಯೋಕಾಗ್ತಿಲ್ಲ. ಲೈನ್ ಕಟ್ ಮಾಡಿಬಿಡಿ."

ಸಾಹೇಬರು ಗನ್ನಣ್ಣನನ್ನು ನೋಡಿದರು. "ಓ, ನೀನಾ? ಫ್ಯಾನಿನವನು!"

ಗನ್ನಣ್ಣ ಟ್ಯಾಂಕಿನ ಹತ್ತಿರ ಹೋದ. ಸ್ಪ್ಯಾನರ್ ಎತ್ತಿದ. ಟಾಂಗ್ ಟಾಂಗ್ ಟಾಂಗ್. ಎಂಟು ಕೋಣೆಯ ಬಲ್ಬು ಆರಿದವು, ಮಿಕ್ಸಿ ನಿಂತಿತು. ಡ್ರೈವರ್ ಭಾವನ ಹೆಬ್ಬೆರಳು ದಾರ ಎಳೆಯಿತು.

"ಇದೇನು ಇದು, ಮಿಲಿಟರಿಯಾ?" ಎಂದರು ಸಾಹೇಬರು.

"ಇಲ್ಲಿ ಬನ್ನಿ ಸಾರ್" ಎಂದು ಅತ್ತೆ ಅವರ ತೋಳು ಹಿಡಿದೇ ಎಳೆದರು. "ಕೆಳಗೆ ಎಲ್ಲಾ ಬಂದ್. ಇದು ಇನ್ನೂ ಕಣ್ಣು ಹೊಡೀತಿದೆ. ನೀವು ಓದಿದವರು, ಯಾರಿಗೆ ಅಂತ ಹೇಳಿ."

ಸಾಹೇಬರು ಮೀಟರು ನೋಡಿದರು, ಯಜಮಾನನನ್ನು ನೋಡಿದರು, ಆಮೇಲೆ ಆಕಾಶ ನೋಡಿದರು. "ಮೀಟರು ಹಳೇದು. ಕೆಲವು ಸಲ ಹೀಗೆ ಆಗುತ್ತೆ."

"ಮುದುಕಿ ಮಾತು ಬಿಡಿ ಸಾರ್" ಎಂದ ಯಜಮಾನ. "ಅದು ಪಂಪಿನ ಲೈನು."

ವೈಂಡಿಂಗ್ ತಾತ ಪಂಪು ಎಂದು ಬರೆದ ಬಿಳಿ ಫ್ಯೂಸನ್ನು ಮೆಲ್ಲಗೆ ಕಿತ್ತು ಗನ್ನಣ್ಣನ ಹೆಂಡತಿಯ ಕೈಗಿಟ್ಟ.

ಕೆಂಪು ಕಣ್ಣು ಮುಚ್ಚಿತು. ಮಹಡಿಯ ಮೇಲೆ ಗುರ್ ಎನ್ನುತ್ತಿದ್ದದ್ದೆಲ್ಲ ಒಟ್ಟಿಗೆ ಉಸಿರು ನಿಲ್ಲಿಸಿತು. ಟೀವಿಯಲ್ಲಿ ಅಳುತ್ತಿದ್ದ ಹೆಂಗಸೊಬ್ಬಳು ಅಳುವ ನಡುವೆಯೇ ಸತ್ತಳು. ಆಮೇಲೆ ಯಜಮಾನನ ಹೆಂಡತಿಯ ದನಿ, ಇಡೀ ಬೀದಿಗೆ ಕೇಳುವಂತೆ:

"ರೀ! ಏಸಿ ನಿಂತೋಯ್ತು! ಕೆಳಗಿನವರ ಮೀಟರಿಗೆ ಏನೋ ಆಗಿದೆ, ನೋಡ್ರೀ!"

ಅಷ್ಟು ಸಾಕಾಯಿತು. ಇಸ್ತ್ರಿ ಅಕ್ಕ ನಗಲು ಶುರು ಮಾಡಿದವಳು ಕಟ್ಟೆಯ ಮೇಲೆ ಕೂತೇಬಿಟ್ಟಳು. ಸಾಹೇಬರು ಮಾತ್ರ ಸರಸರನೆ ದಂಡದ ಪುಸ್ತಕ ತೆರೆದು, 'ಮನೆ ಲೈನಿನಲ್ಲಿ ಅಕ್ರಮವಾಗಿ ಫ್ಯಾನ್ ಬಳಕೆ' ಎಂದು ಗನ್ನಣ್ಣನ ಲೆಕ್ಕಕ್ಕೆ ಬರೆಯತೊಡಗಿದರು.

"ಸಾರ್, ಪೈಪು?" ಎಂದ ಗನ್ನಣ್ಣ.

"ಅದು ನಿಮ್ಮ ಮನೆಯೊಳಗಿನ ವಿಷಯ. ನೀವು ನೀವೇ ಕೂತು ಬಗೆಹರಿಸ್ಕೊಳ್ಳಿ."

"ನನ್ನ ಮಿಷಿನ್ನು ಮನೆ ವಿಷಯ ಅಲ್ಲ, ಇವರ ಕಳ್ಳತನ ಮನೆ ವಿಷಯಾನಾ?" ಗನ್ನಣ್ಣನ ದನಿ ಮೊದಲ ಸಲ ಏರಿತು. ಕೆಮ್ಮು ಬರಲಿಲ್ಲ. "ಬರೆಯೋದಾದ್ರೆ ಮೊದಲು ಆ ಪೈಪು ಬರೀರಿ. ಐದು ವರ್ಷದ್ದು ಬರೀರಿ. ಆಮೇಲೆ ನನ್ನ ನಾಲ್ಕು ದಿನದ್ದು ಬರೀರಿ, ನಾನೇ ಸಹಿ ಹಾಕ್ತೀನಿ. ಈ ಸಲ ಓದಿಯೇ ಹಾಕ್ತೀನಿ."

"ಬರೀರಿ ಸಾರ್" ಎಂದ ಟವೆಲ್ಲಿನಲ್ಲೇ ಎದ್ದು ಬಂದ ಡ್ರೈವರ್ ಭಾವ. "ಬರೀರಿ" ಎಂದಳು ಇಸ್ತ್ರಿ ಅಕ್ಕ, ನಗು ನಿಲ್ಲಿಸಿ. ಎಂಟು ಬಾಗಿಲಿನಿಂದಲೂ ಜನ ಹೊರಬಂದು ಪುಸ್ತಕದ ಸುತ್ತ ನಿಂತರು. ಯಾರೂ ಕೈಯೆತ್ತಲಿಲ್ಲ. ಸುಮ್ಮನೆ ಸಾಹೇಬರ ಪೆನ್ನನ್ನೇ ನೋಡಿದರು. ಅಷ್ಟೊಂದು ಕಣ್ಣೆದುರು ಆ ಪೆನ್ನಿನ ಇಂಕು ಇದ್ದಕ್ಕಿದ್ದಂತೆ ಖಾಲಿಯಾಯಿತು. ಬರೆದ ಅರ್ಧ ಹಾಳೆ ಹರಿದು ಜೇಬಿಗಿಟ್ಟುಕೊಂಡು, ನಾಳೆ ಬರುತ್ತೇನೆ ಎಂದು ಸಾಹೇಬರು ಗೇಟು ದಾಟಿದರು. ಯಜಮಾನ ಅವರ ಬೆನ್ನನ್ನು ನೋಡುತ್ತಾ ಒಬ್ಬನೇ ಉಳಿದ.

"ಕೊಡಮ್ಮ ಆ ಫ್ಯೂಸು" ಎಂದು ಕೈ ಚಾಚಿದ. "ಮೇಲೆ ಸೆಕೆ."

ಗನ್ನಣ್ಣನ ಹೆಂಡತಿ ಫ್ಯೂಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದು ಮನೆ ಕೆಲಸ ಯಜಮಾನ್ರೇ. ಇದಕ್ಕೆ ರೇಟಿಲ್ಲ, ನಾನೇ ಮಾಡ್ತೀನಿ. ನಿಮ್ಮ ಬೇರೆ ಮೀಟರಿದೆಯಲ್ಲ, ಅದರಿಂದ ತಗೊಳ್ಳಿ ಗಾಳಿ."

ಯಜಮಾನ ಖಾಲಿ ಮಾಡಿಸುತ್ತೇನೆ ಎಂದ, ಕೋರ್ಟು ಎಂದ, ಇನ್ನೂ ಏನೇನೋ ಅಂದ. ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಏಕೆಂದರೆ ಇನ್ನೂ ನಾಲ್ಕು ಬಾಗಿಲು ಬಾಕಿಯಿತ್ತು. ಎಲ್ಲರೂ ತಮ್ಮ ತಮ್ಮ ಸ್ವಿಚ್ಚು ಹಾಕಿಕೊಳ್ಳಲು ಒಳಗೆ ಹೋದರು, ಬಲ್ಬುಗಳು ಹತ್ತಿಕೊಂಡವು. ಗನ್ನಣ್ಣ ರೂಢಿಯ ಮೇಲೆ ಸ್ಪ್ಯಾನರ್ ಎತ್ತಿದ.

ತಾತ ಅವನ ಕೈ ಹಿಡಿದ. "ಬಡೀಬೇಡ. ಸುಮ್ಮನೆ ಹಾಕಿ ನೋಡು."

ಹಾಕಿದ. ಮೋಟರು ನರಳಲಿಲ್ಲ. ಒಂದೇ ಏಟಿಗೆ ಎದ್ದು ನಿಂತಿತು. ಎಂಟು ಕೋಣೆಯ ಎಂಟು ಬಲ್ಬೂ ಒಂದಿಷ್ಟೂ ಮಂಕಾಗಲಿಲ್ಲ. ಡ್ರೈವರ್ ಭಾವನ ಫ್ಯಾನು ಮೊದಲ ಸಲ ಭರ್ರೆಂದು ತಿರುಗಿ, ಅವನ ಹೆಬ್ಬೆರಳಿನ ದಾರವನ್ನು ಅಲ್ಲಾಡಿಸಿತು.

ಅತ್ತೆ ಕಟ್ಟೆಯಿಂದ ಕೂಗಿ ಏನೋ ಹೇಳಿದರು. ಮಿಷಿನ್ನಿನ ಸದ್ದಿಗೆ ಗನ್ನಣ್ಣನಿಗೆ ಕೇಳಿಸಲಿಲ್ಲ. ಗನ್ನು ಹಿಡಿದುಕೊಂಡೇ ಹತ್ತಿರ ಹೋದ.

"ಏನತ್ತೆ?"

"ಮೀಟರು ಇನ್ನೂ ಕಣ್ಣು ಹೊಡೀತಿದೆ ಅಂದೆ."

"ಮತ್ತೆ?"

"ಹೊಡೀಲಿ ಬಿಡಿ ಅಳಿಯಂದ್ರೇ. ಈಗ ನಮಗೇ ಹೊಡೀತಿರೋದು."